ಬಯಲಿನ ಪಾಲು

ನಿಮ್ಮ ಊರಿನಲ್ಲಿ ಎಲ್ಲರಿಗೂ ಸೇರಿದ ಒಂದು ಬಯಲು ಇದೆಯೇ? ಇದ್ದರೆ ನೀವು ಅದರ ಮೇಲೆ ಕೊನೆಯ ಬಾರಿ ಕಾಲಿಟ್ಟದ್ದು ಯಾವಾಗ? ನೀರು ತರಲು, ಬಸ್ಸು ಹಿಡಿಯಲು, ಕುಳ್ಳು ಒಣಗಿಸಲು ಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾವ ಕೆಲಸವೂ ಇಲ್ಲದೆ, ಬರೀ ಗಾಳಿಗೆ ಮುಖವೊಡ್ಡಲು, ಮಕ್ಕಳೊಂದಿಗೆ ನಾಲ್ಕು ಹೆಜ್ಜೆ ಓಡಲು ಅಲ್ಲಿಗೆ ಹೋಗಿದ್ದೀರಾ? ಈ ಪ್ರಶ್ನೆಯನ್ನು ನಾನು ನವಲಗುಂದ, ಅಣ್ಣಿಗೇರಿ ಕಡೆಯ ಅನೇಕ ತಾಯಂದಿರನ್ನು ಕೇಳಿದ್ದೇನೆ. ಹೆಚ್ಚಿನವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಒಬ್ಬಾಕೆ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, ‘ಆರನೇ ಇಯತ್ತೆ ಇದ್ದಾಗ’ ಎಂದಳು. ಆಕೆಗೆ ಈಗ ಮೊಮ್ಮಕ್ಕಳಿದ್ದಾರೆ.

ಬನ್ನಿ, ಆ ಬಯಲಿನ ಕಡೆಗೆ ಒಮ್ಮೆ ಹೋಗಿ ಬರೋಣ.

ಎರಿ ಭೂಮಿಯ ದಾರಿ

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿ ಹಿಡಿದು ಸುಮಾರು 40 ಕಿಲೋಮೀಟರ್ ಹೋದರೆ ನವಲಗುಂದ. ದಾರಿಯುದ್ದಕ್ಕೂ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹತ್ತಿ, ಕಡಲೆ, ಜೋಳ, ಗೋಧಿ, ಹೆಸರು, ಉಳ್ಳಾಗಡ್ಡಿ ಬೆಳೆಯುವ ನೆಲ. ಮರಗಳು ಕಡಿಮೆ, ಹೊಲದ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಜಾಲಿ, ಬೇವು. ಕಣ್ಣು ಹಾಯಿಸಿದಷ್ಟೂ ಬಯಲು. ‘ಇಷ್ಟು ಬಯಲಿರುವ ನಾಡಿನಲ್ಲಿ ಆಟಕ್ಕೆ ಜಾಗವಿಲ್ಲವೇ?’ ಎಂದು ಹೊರಗಿನಿಂದ ಬಂದವರಿಗೆ ಅನಿಸುವುದು ಸಹಜ.

ಆದರೆ ಎರಿ ಭೂಮಿಯ ಸ್ವಭಾವವೇ ಬೇರೆ. ಮಳೆ ಬಿದ್ದರೆ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ. ಚಪ್ಪಲಿಗೆ ಹತ್ತಿದ ಮಣ್ಣು ಹೆಜ್ಜೆ ಹೆಜ್ಜೆಗೂ ದಪ್ಪವಾಗಿ ಕಾಲೆತ್ತುವುದೇ ಕಷ್ಟವಾಗುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗಿ, ಮಗುವಿನ ಪಾದ ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ಹೀಗಾಗಿ ಹೊಲ ಎಷ್ಟೇ ಇರಲಿ, ಆಟಕ್ಕೆ ಒದಗುವುದು ಗರಸು ಹಾಕಿ ಗಟ್ಟಿ ಮಾಡಿದ ಊರ ಮುಂದಿನ ಜಾಗ ಮಾತ್ರ. ಶಾಲೆಯ ಅಂಗಳ, ಗುಡಿಯ ಕಟ್ಟೆ, ಈದ್ಗಾಹ್‌ನ ಸುತ್ತಲಿನ ನೆಲ, ಒಕ್ಕಣೆಯ ಕಣ. ಒಂದೇ ತುಂಡು ನೆಲ, ಹಕ್ಕುದಾರರು ನೂರು ಮಂದಿ.

ಅದೇ ಜಿಲ್ಲೆಯ ಇನ್ನೊಂದು ತುದಿಗೆ, ಕಲಘಟಗಿಯ ಕಡೆಗೆ ಹೋದರೆ ನೋಟವೇ ಬದಲಾಗುತ್ತದೆ. ಅದು ಮಲೆನಾಡಿನ ಸೆರಗು. ಮಳೆ ಹೆಚ್ಚು, ಭತ್ತದ ಗದ್ದೆಗಳಿವೆ, ಕಾಡಿನ ಅಂಚಿದೆ. ಬಣ್ಣದ ಮರದ ತೊಟ್ಟಿಲಿಗೆ ಹೆಸರಾದ ಊರು ಅದು. ಮಗುವಿನ ಮೊದಲ ಆಟದ ಅಂಗಳ ತೊಟ್ಟಿಲೇ ಅಲ್ಲವೇ? ತೊಟ್ಟಿಲಿನಲ್ಲಿ ಗಂಡುಮಗುವಿಗೂ ಹೆಣ್ಣುಮಗುವಿಗೂ ಸಿಗುವ ಜಾಗ ಒಂದೇ. ತೊಟ್ಟಿಲಿನಿಂದ ಇಳಿದ ಮೇಲೆಯೇ ಪಾಲು ಬೇರೆಯಾಗುತ್ತದೆ.

ಜಮಖಾನೆಯಲ್ಲಿ ನೇಯ್ದ ಆಟ

ನವಲಗುಂದಕ್ಕೆ ಬಂದವರು ಅಲ್ಲಿನ ಜಮಖಾನೆ ನೋಡದೆ ಹೋಗಬಾರದು. ನವಿಲುಗಳಿದ್ದ ಗುಡ್ಡದಿಂದಲೇ ಊರಿಗೆ ಈ ಹೆಸರು ಬಂತು ಎನ್ನುತ್ತಾರೆ. ಜಮಖಾನೆಗಳ ಮೇಲೂ ನವಿಲು ಕುಣಿಯುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ವಿಜಾಪುರದಿಂದ ಬಂದ ನೇಕಾರ ಕುಟುಂಬಗಳು ಇಲ್ಲಿ ನೆಲೆ ನಿಂತವೆಂದು ಹಿರಿಯರು ಹೇಳುತ್ತಾರೆ. ಅವರು ನೆಲೆಸಿದ ಓಣಿಗೆ ಜಮಖಾನೆ ಗಲ್ಲಿ ಎಂಬ ಹೆಸರೇ ಬಿದ್ದಿದೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಿಂದ ನೇಯುವವರು ನಮ್ಮ ಮುಸ್ಲಿಮ್ ಸಹೋದರಿಯರು. ನೆಲಕ್ಕೆ ಹಾಸುವ ಜಮಖಾನೆ, ನಮಾಝಿಗೆ ಹಾಸುವ ಜಾನಮಾಝ್, ದನಗಳಿಗೆ ಹೊದಿಸುವ ಗುದ್ದಡ ಎಲ್ಲವೂ ಇದೇ ಮಗ್ಗದಿಂದ ಬರುತ್ತವೆ. ಈ ಕೈಕಸುಬಿಗೆ ಸರಕಾರದಿಂದ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಈ ಜಮಖಾನೆಗಳ ಹೆಸರಾಂತ ವಿನ್ಯಾಸ ಯಾವುದು ಗೊತ್ತೇ? ಪಗಡೆ ಹಾಸು! ನಡುವೆ ಪಗಡೆಯ ನಾಲ್ಕು ತೋಳುಗಳು, ಮನೆ ಮನೆಯಾಗಿ ಬಿಡಿಸಿದ ಗೆರೆಗಳು. ಆಟದ ಅಂಗಳವನ್ನೇ ನೂಲಿನಲ್ಲಿ ನೇಯ್ದವರು ಹೆಣ್ಣುಮಕ್ಕಳು. ಕಸುಬಿನ ಗುಟ್ಟು ಬೇರೆ ಮನೆಗೆ ಹೋಗಬಾರದೆಂದು ಹಿಂದೆ ಮದುವೆಯಾಗದ ಮಗಳಿಗೆ ಕಲಿಸದೆ, ಮನೆಗೆ ಬಂದ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಆ ಮಗ್ಗಗಳ ಸಂಖ್ಯೆ ಈಗ ಬಹಳ ಇಳಿದಿದೆ. ನಮ್ಮ ಹೆಣ್ಣುಮಕ್ಕಳು ಆಟವನ್ನು ಮರೆತವರಲ್ಲ. ಹಾಸಿನ ಮೇಲೆ, ಗೋಡೆಯೊಳಗೆ ಅದನ್ನು ಜೋಪಾನ ಮಾಡಿಕೊಂಡು ಬಂದವರು ಎಂಬುದಕ್ಕೆ ಆ ಪಗಡೆ ಹಾಸೇ ಸಾಕ್ಷಿ.

ಬಿಲ್ಲೆಯಿಂದ ತಾಟಿನವರೆಗೆ

ಹೊರಗಿನ ಆಟಗಳಲ್ಲಿ ಹುಡುಗಿಯರದ್ದೇ ಎನ್ನಬಹುದಾದ ಆಟವೆಂದರೆ ಕುಂಟಬಿಲ್ಲೆ. ನೀವೂ ಆಡಿರುತ್ತೀರಿ. ಒಡೆದ ಹಂಚಿನ ಚೂರನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿದರೆ ಬಿಲ್ಲೆ ಸಿದ್ಧ. ನೆಲದ ಮೇಲೆ ಗೆರೆ ಎಳೆದು ಮನೆಗಳನ್ನು ಬರೆದು, ಬಿಲ್ಲೆಯನ್ನು ಸರಿಯಾದ ಮನೆಗೆ ಎಸೆದು, ಗೆರೆ ತುಳಿಯದೆ ಒಂಟಿ ಕಾಲಿನಲ್ಲಿ ಕುಂಟುತ್ತ ಹೋಗಿ ಬರಬೇಕು. ಖರ್ಚು ಒಂದು ಪೈಸೆಯೂ ಇಲ್ಲ. ಗುರಿಯಿಟ್ಟು ಎಸೆಯುವುದು, ಸಮತೋಲನ, ತಾಳ್ಮೆ ಮೂರೂ ಬೇಕು.

ಬಿಲ್ಲೆಯನ್ನು ಗುರಿಯಿಟ್ಟು ಎಸೆಯುವ ಇದೇ ಚಪಲ ದೂರದ ಅಮೆರಿಕದಲ್ಲಿ ಬೇರೊಂದು ಆಟವಾಗಿ ಬೆಳೆದಿದೆ. ಅದರ ಹೆಸರು ಡಿಸ್ಕ್ ಗಾಲ್ಫ್. ಕ್ಯಾಲಿಫೋರ್ನಿಯಾದ ಉಪನಗರವೊಂದರಲ್ಲಿ ಸಂಸಾರ ಹೂಡಿರುವ ನನ್ನ ಅಕ್ಕನ ಮಗಳು ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಚೀಲದಲ್ಲಿ ಮೂರು ಪ್ಲಾಸ್ಟಿಕ್ ತಟ್ಟೆಗಳನ್ನು ತಂದಿದ್ದಳು. ಅವಳ ಮನೆಯ ಹತ್ತಿರದ ಉದ್ಯಾನದಲ್ಲಿ ಒಂಬತ್ತು ಕಂಬಗಳ ಚಿಕ್ಕ ಅಂಗಳವಿದೆಯಂತೆ. ಅದೇ ಉದ್ಯಾನದಲ್ಲಿ ಮುದುಕರು ನಡೆಯುತ್ತಾರೆ, ತಾಯಂದಿರು ಕೂಸಿನ ಗಾಡಿ ತಳ್ಳುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಇವಳು ಹಿಜಾಬ್ ತೊಟ್ಟು, ಮಗನ ಕೈ ಹಿಡಿದು ಹೋಗಿ ಆಡಿ ಬರುತ್ತಾಳೆ. ಟಿಕೆಟ್ ಇಲ್ಲ, ಸದಸ್ಯತ್ವ ಇಲ್ಲ.

ಈ ಆಟದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಫ್ರಿಸ್ಬಿ ಎಂಬ ಬೇಕರಿ ಇತ್ತು. ಅದರ ಕಡುಬಿನ ಖಾಲಿ ತಗಡಿನ ತಟ್ಟೆಗಳನ್ನು ಕಾಲೇಜು ಹುಡುಗರು ಎಸೆದಾಡುತ್ತಿದ್ದರು. ಮುಂದೆ ಫ್ರೆಡ್ ಮಾರಿಸನ್ ಎಂಬಾತ ಪ್ಲಾಸ್ಟಿಕ್ಕಿನ ಹಾರುವ ತಟ್ಟೆ ಮಾಡಿದ; 1957ರಲ್ಲಿ ವ್ಯಾಮ್-ಓ ಎಂಬ ಆಟಿಕೆ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದು ಫ್ರಿಸ್ಬಿ ಎಂಬ ಹೆಸರಿಟ್ಟಿತು. ಅದೇ ಕಂಪೆನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಅಂಗಳ ಹಾಕಿದ. ಆರಂಭದಲ್ಲಿ ಗುರಿಗೆ ಬರೀ ಕಂಬಗಳಿದ್ದವು. ತಟ್ಟೆ ಕಂಬಕ್ಕೆ ತಾಗಿತೇ ಇಲ್ಲವೇ ಎಂದು ಜಗಳ ಬರುತ್ತಿತ್ತು. ಜಗಳ ತಪ್ಪಿಸಲೆಂದೇ ಆತ ಕಂಬದ ಸುತ್ತ ಸರಪಳಿ ಇಳಿಬಿಟ್ಟು ಕೆಳಗೆ ಬುಟ್ಟಿ ಜೋಡಿಸಿದ. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಮತ್ತೆ ವಾದಕ್ಕೆ ಜಾಗವಿಲ್ಲ. ಇಂದು ಜಗತ್ತಿನಲ್ಲಿ ಇಂಥ ಅಂಗಳಗಳು 10,000ಕ್ಕೂ ಹೆಚ್ಚಿವೆ. ಬಹುಪಾಲು ಅಮೆರಿಕದಲ್ಲಿ, ಉಳಿದವು ಫಿನ್ಲೆಂಡ್, ಸ್ವೀಡನ್ ಮುಂತಾದ ದೇಶಗಳಲ್ಲಿ.

ನಿಯಮ ಸರಳ. ಗುರುತಿಸಿದ ಜಾಗದಿಂದ ಬುಟ್ಟಿಯ ಕಡೆಗೆ ತಟ್ಟೆ ಎಸೆಯಬೇಕು. ಬಿದ್ದ ಕಡೆಯಿಂದಲೇ ಮತ್ತೆ ಎಸೆತ. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದಂತೆ. ನಿಜವಾದ ಗಾಲ್ಫ್ ಆಟಕ್ಕೆ ಎಕರೆಗಟ್ಟಲೆ ಹುಲ್ಲು, ನೀರು, ಹಣ ಬೇಕು. ಬೆಂಗಳೂರಿನಲ್ಲಿ ಬ್ರಿಟಿಷರು 1876ರಲ್ಲೇ ಗಾಲ್ಫ್ ಕ್ಲಬ್ ಕಟ್ಟಿಕೊಂಡಿದ್ದರು. ಬಡವನ ಮಗನಿಗೆ ಅಲ್ಲಿ ಚೆಂಡು ಹೆಕ್ಕುವ ಕೆಲಸ ಸಿಕ್ಕೀತು, ಆಡುವುದು ದೂರದ ಮಾತು. ಈ ತಟ್ಟೆಯ ಆಟಕ್ಕೆ ಅದೇನೂ ಬೇಡ. ಇದ್ದ ಮರ, ಇದ್ದ ದಿಬ್ಬ, ಇದ್ದ ದಾರಿ ಸಾಕು.

ನಮ್ಮ ಆರು ಬುಟ್ಟಿಗಳು

ಅಕ್ಕನ ಮಗಳು ಮತ್ತು ನಾನು ಸೇರಿ ಊರ ಮುಂದಿನ ಬಯಲಿನಲ್ಲಿ ಆರು ಬುಟ್ಟಿಗಳ ಪುಟ್ಟ ಅಂಗಳ ಹಾಕಿದೆವು. ಸರಪಳಿ ಎಲ್ಲಿಂದ ತರುವುದು? ಹೊಲಕ್ಕೆ ಒಯ್ಯುವ ಬಿದಿರಿನ ಬುಟ್ಟಿಗಳೇ ಗುರಿಗಳಾದವು. ಮೊದಲನೆಯದು ಶಾಲೆಯ ಗೋಡೆಯ ಮೂಲೆಯಿಂದ 40 ಹೆಜ್ಜೆ ದೂರದ ಬೇವಿನ ಮರಕ್ಕೆ. ಎರಡನೆಯದು ಹಳೆಯ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲುಗಳ ಮೇಲೆ. ಹಗೇವು ಎಂದರೆ ಹಿಂದೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಕಣಜ. ಈಗಿನ ಮಕ್ಕಳಿಗೆ ಅದನ್ನು ವಿವರಿಸಿ ಹೇಳಬೇಕಾಯಿತು. ಮೂರನೆಯದು ನೀರಿನ ಟಾಕಿಯ ಆಚೆ. ನಾಲ್ಕನೆಯದು ಮೇವಿನ ಬಣವೆಯ ಹಿಂದೆ. ಐದನೆಯದು ಕಾಲುದಾರಿಯ ಅಡ್ಡಕ್ಕೆ. ಆರನೆಯದು ಜಾಲಿ ಗಿಡದ ಬುಡದಲ್ಲಿ.

ನಮ್ಮದೇ ನಿಯಮಗಳೂ ಹುಟ್ಟಿಕೊಂಡವು. ಬಣವೆಯ ಮೇಲೆ ತಟ್ಟೆ ಕುಳಿತರೆ ಒಂದು ಎಸೆತ ದಂಡ. ಒಣಗಲು ಹಾಕಿದ ಮೆಣಸಿನಕಾಯಿಯ ಮೇಲೆ ಬಿದ್ದರೆ ಎರಡು ಎಸೆತ ದಂಡ, ಜೊತೆಗೆ ಹರಡಿದ್ದನ್ನು ಸರಿಮಾಡಿ ಕೊಡಬೇಕು. ಈದ್ಗಾಹ್‌ನ ಗೋಡೆಯ ಕಡೆಗೂ ಬಸವಣ್ಣನ ಗುಡಿಯ ಕಟ್ಟೆಯ ಕಡೆಗೂ ಎಸೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯ ನಿಯಮ: ದಾರಿಯಲ್ಲಿ ಮನುಷ್ಯನಾಗಲಿ ದನವಾಗಲಿ ಇದ್ದರೆ ಕೈಯಲ್ಲಿನ ತಟ್ಟೆ ಕೈಯಲ್ಲೇ ಇರಬೇಕು. ಇದು ನಾವು ಮಾಡಿದ್ದಲ್ಲ, ಆ ಆಟದ ಮೂಲ ಶಿಸ್ತೇ ಹಾಗೆ. ಆಡುವ ತಟ್ಟೆ 150ರಿಂದ 180 ಗ್ರಾಂ ತೂಗುತ್ತದೆ, ಅಂಚು ತೆಳ್ಳಗೆ. ತಾಗಿದರೆ ಚೆನ್ನಾಗಿ ಪೆಟ್ಟಾಗುತ್ತದೆ. ಉದ್ಯಾನ ಎಲ್ಲರದೂ ಆದ್ದರಿಂದ ನಡೆಯುವವನಿಗೆ ಮೊದಲ ಹಕ್ಕು, ಆಡುವವನು ಕಾಯಬೇಕು. ಚಿಕ್ಕ ಮಕ್ಕಳಿಗೆ ನಾವು ತಟ್ಟೆ ಕೊಡದೆ ಶಾಲೆಯಲ್ಲಿ ಆಡುವ ರಬ್ಬರಿನ ಟೆನಿಕಾಯ್ಟ್ ರಿಂಗು ಕೊಟ್ಟೆವು.

ತಟ್ಟೆ ಹಾರುವುದರಲ್ಲೂ ಒಂದು ಪಾಠವಿದೆ. ತೋಳಿನ ಬಲದಿಂದ ಎಸೆದರೆ ಅದು ಓಲಾಡಿ ಬೀಳುತ್ತದೆ. ಮಣಿಕಟ್ಟಿನಿಂದ ಗಿರ್‍ರನೆ ತಿರುಗಿಸಿ ಬಿಟ್ಟರೆ ಮಾತ್ರ ಸಮನಾಗಿ ಸಾಗುತ್ತದೆ. ತಿರುಗುವಿಕೆಯೇ ಅದಕ್ಕೆ ಸ್ಥಿರತೆ. ಎದುರುಗಾಳಿ ಅದನ್ನು ಮೇಲೆತ್ತುತ್ತದೆ, ಹಿಂದಿನ ಗಾಳಿ ಕೆಳಕ್ಕೆ ಒತ್ತುತ್ತದೆ. ಮರಗಳೇ ಇಲ್ಲದ ನಮ್ಮ ಬಯಲಿನಲ್ಲಿ ಗಾಳಿಯೇ ದೊಡ್ಡ ಎದುರಾಳಿ. ಆಷಾಢದ ಗಾಳಿಯಲ್ಲಂತೂ ಈ ಆಟ ಸಾಧ್ಯವೇ ಇಲ್ಲ. ಡಿಸೆಂಬರಿನ ಮುಂಜಾವು ತಂಪಾಗಿ, ನೆಲ ಗಟ್ಟಿಯಾಗಿ, ಗಾಳಿ ಶಾಂತವಾಗಿ ಇದ್ದುದರಿಂದ ನಮಗೆ ಅನುಕೂಲವಾಯಿತು. ದಪ್ಪ ತೋಳಿನ ಹುಡುಗರಿಗಿಂತ ರೊಟ್ಟಿ ಬಡಿದು ಪಳಗಿದ ಹುಡುಗಿಯರ ಕೈಗೆ ತಟ್ಟೆ ಬೇಗ ಒಲಿಯಿತು!

ಕಟ್ಟೆಯ ಮೇಲಿನ ಅಜ್ಜಿ ಮೊದಲ ದಿನ ನಮ್ಮನ್ನು ನೋಡಿ ಕೂಗಿ ಕೇಳಿದಳು: ‘ಯವ್ವಾ, ತಾಟ ಒಗ್ಯಾಕ ಇಲ್ಲೀತನಕ ಬಂದೀರೇನ? ಮನ್ಯಾಗ ತಾಟ ಒಗದ್ರ ಗಂಡ ಬೈತಾನಂತ ಬಯಲಿಗೆ ಬಂದೀರಿ ಬಿಡ್ರಿ!’ ಎಲ್ಲರೂ ನಕ್ಕೆವು. ಮೂರನೆಯ ದಿನ ಆ ಅಜ್ಜಿಯೇ ದಾರಿಯ ಕಾವಲುಗಾರ್ತಿಯಾದಳು. ಎಮ್ಮೆ ಬಂದರೆ, ಟ್ರ್ಯಾಕ್ಟರ್ ಬಂದರೆ ‘ನಿಂದ್ರಿ, ನಿಂದ್ರಿ’ ಎಂದು ಕೈ ಎತ್ತುತ್ತಿದ್ದಳು.

ಪಾಲು ಕೇಳುವುದು

ಬಯಲು ಖಾಲಿ ಇರಲಿಲ್ಲ, ಅದು ನಿಮಗೂ ಗೊತ್ತು. ಕ್ರಿಕೆಟ್ ಆಡುವ ಹುಡುಗರು ಬಂದರು. ನನ್ನಲ್ಲಿ ಓದಿದವರೇ. ‘ಅಕ್ಕೋರ, ಇಲ್ಲಿ ನಮ್ಮ ಮ್ಯಾಚ್ ಐತ್ರೀ’ ಎಂದರು.

‘ಎಷ್ಟ ಗಂಟೇಕ್ಕ ಐತಿ?’

‘ಒಂಬತ್ತಕ್ಕರೀ.’

‘ನಾವು ಎಂಟಕ್ಕ ಜಾಗ ಬಿಡ್ತೀವಿ. ಆದ್ರ ಎಂಟರತನಕ ಇದು ನಮ್ಮದು. ಆತಿಲ್ಲೋ?’

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಅವರಿಂದ ಹೀಗೆ ಪಾಲು ಕೇಳಿರಲಿಲ್ಲ. ಕೇಳದಿದ್ದುದರಿಂದಲೇ ಇಡೀ ಬಯಲು ತಮ್ಮದೆಂದು ಅವರು ತಿಳಿದಿದ್ದರೇ ಹೊರತು ಕೊಡಬಾರದೆಂಬ ಹಟವೇನೂ ಅವರಿಗಿರಲಿಲ್ಲ. ‘ಆತ್ರೀ ಅಕ್ಕೋರ’ ಎಂದು ಹೋದರು.

ಕಷ್ಟವಿದ್ದದ್ದು ಹುಡುಗರ ಕಡೆಯಿಂದಲ್ಲ, ಮನೆಗಳ ಕಡೆಯಿಂದ. ಏಳನೆಯ ತರಗತಿಯ ಒಬ್ಬ ಹುಡುಗಿ ನಮ್ಮೆಲ್ಲರಿಗಿಂತ ಚೆನ್ನಾಗಿ ಎಸೆಯುತ್ತಿದ್ದಳು. ಆರು ಬುಟ್ಟಿಗಳನ್ನು 15 ಎಸೆತಗಳಲ್ಲಿ ಮುಗಿಸಿದ್ದಳು. ಐದನೆಯ ದಿನ ಅವಳು ಬರಲಿಲ್ಲ. ಸಂಜೆ ಅವಳ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು ಮೆಲ್ಲಗೆ ಹೇಳಿದಳು: ‘ಆಪಾ, ಮಗಳು ದೊಡ್ಡವಳಾಗುತ್ತಿದ್ದಾಳೆ. ನೀವು ಜೊತೆಗಿದ್ದೀರಿ, ನನಗೆ ಭಯವಿಲ್ಲ. ಆದರೆ ನಾಳೆ ಸಂಬಂಧ ನೋಡುವಾಗ, ಬಯಲಿನಲ್ಲಿ ಆಡುವ ಹುಡುಗಿ ಎಂದು ಯಾರಾದರೂ ಅಂದರೆ?’

ಆ ತಾಯಿಯನ್ನು ನಾನು ದೂರಲಾರೆ. ಆಕೆಯ ಭಯ ಪ್ರೀತಿಯಿಂದ ಹುಟ್ಟಿದ್ದು. ಆದರೆ ಒಂದು ಮಾತು ನೆನಪಿಸಿದೆ. ಪ್ರವಾದಿ(ಸ)ರ ಪತ್ನಿ ಹಝ್ರತ್ ಆಯಿಶಾ(ರ) ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ರೊಂದಿಗೆ ಓಟದ ಸ್ಪರ್ಧೆ ನಡೆಸಿ ಗೆದ್ದಿದ್ದರು. ಕೆಲಕಾಲದ ಬಳಿಕ ಮೈ ತುಂಬಿಕೊಂಡಾಗ ಮತ್ತೊಮ್ಮೆ ಓಡಿ ಸೋತರು. ಇದು ಅಂದಿನ ಗೆಲುವಿಗೆ ಸಾಟಿಯಾಯಿತೆಂದು ಪ್ರವಾದಿ(ಸ) ತಮಾಷೆ ಮಾಡಿದರು. ಇದನ್ನು ನಮಗೆ ತಿಳಿಸಿದವರು ಸ್ವತಃ ಆಯಿಶಾರೇ(ರ). ಮರ್ಯಾದೆಗೂ ಓಟಕ್ಕೂ ಜಗಳವಿದ್ದಿದ್ದರೆ ಈ ಘಟನೆ ನಮ್ಮವರೆಗೆ ಬರುತ್ತಲೇ ಇರಲಿಲ್ಲ. ದಾರಿಯಲ್ಲಿನ ತೊಡಕನ್ನು ತೆಗೆದು ಹಾಕುವುದು ಪುಣ್ಯವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮುಳ್ಳು, ಕಲ್ಲುಗಳು ಕಣ್ಣಿಗೆ ಕಾಣುವ ತೊಡಕುಗಳು. ‘ಜನ ಏನೆಂದಾರು’ ಎಂಬುದು ಕಣ್ಣಿಗೆ ಕಾಣದ ತೊಡಕು.

ಹುಡುಗಿ ಮರುದಿನವೂ ಬರಲಿಲ್ಲ. ಅದರ ಮರುದಿನ ತಾಯಿಯೇ ಅವಳನ್ನು ಕರೆದುಕೊಂಡು ಬಂದಳು, ಬೇವಿನ ಮರದ ಕೆಳಗೆ ಕುಳಿತಳು. ಮಗಳು ಎಸೆಯುವುದನ್ನು ನೋಡುತ್ತ ನೋಡುತ್ತ, ಸುತ್ತ ಯಾರಿದ್ದಾರೆಂದು ಒಮ್ಮೆ ಕಣ್ಣಾಡಿಸಿ, ‘ಇತ್ತ ಕೊಡು’ ಎಂದು ತಟ್ಟೆ ಕೇಳಿದಳು. ಅವಳ ಮೊದಲ ಎಸೆತ ಬುಟ್ಟಿಯ ಕಡೆಗಲ್ಲ, ನೇರ ಬಣವೆಯ ಮೇಲೆ ಹೋಯಿತು. ಮಗಳು ನಕ್ಕು ‘ಅಮ್ಮೀ, ಒಂದು ದಂಡ!’ ಎಂದಳು.

ಇನ್ನೊಂದು ಮನೆಯ ಇಬ್ಬರು ಹುಡುಗಿಯರು ಮಾತ್ರ ಕೊನೆಯವರೆಗೂ ಬರಲಿಲ್ಲ. ಅವರ ಮನೆಯ ಬಾಗಿಲಿನಿಂದ ಬಯಲು ಚೆನ್ನಾಗಿ ಕಾಣುತ್ತದೆ. ಅವರು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಯಾರದು ಎಷ್ಟು ಎಸೆತವಾಯಿತೆಂದು ನಮಗಿಂತ ಸರಿಯಾಗಿ ಅವರಿಗೆ ಗೊತ್ತಿರುತ್ತಿತ್ತು.

ಬಯಲು ಉಳಿಯುವುದು ಹೇಗೆ?

ಸಹೋದರಿಯರೇ, ಊರ ಬಯಲು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ತಿಪ್ಪೆ ಬೀಳುತ್ತದೆ. ಇನ್ನೊಂದು ಮೂಲೆಯಲ್ಲಿ ಡಬ್ಬಿ ಅಂಗಡಿ ಏಳುತ್ತದೆ. ಮತ್ತೊಂದು ಕಡೆ ಯಾರದೋ ಟ್ರ್ಯಾಕ್ಟರಿನ ಟ್ರಾಲಿ ವರ್ಷಗಟ್ಟಲೆ ನಿಲ್ಲುತ್ತದೆ. ಬಳಸುವವರು ಕಡಿಮೆಯಾದಂತೆ ಕಬಳಿಸುವವರು ಹೆಚ್ಚುತ್ತಾರೆ. ಊರಿನ ಅರ್ಧದಷ್ಟು ಜನ, ಅಂದರೆ ನಾವು ಹೆಂಗಸರು, ಆ ನೆಲಕ್ಕೆ ಕಾಲಿಡದಿದ್ದರೆ ಅದನ್ನು ಕಾಯುವ ಕಣ್ಣುಗಳೂ ಅರ್ಧವಾದಂತೆಯೇ.

ಆದ್ದರಿಂದ ಕೆಲವು ಸಣ್ಣ ಸಲಹೆಗಳು. ತಟ್ಟೆಯೇ ಬೇಕೆಂದಿಲ್ಲ. ಕುಂಟಬಿಲ್ಲೆಗೆ ಹಂಚಿನ ಚೂರು ಸಾಕು, ಲಗೋರಿಗೆ ಏಳು ಕಲ್ಲು ಮತ್ತು ಒಂದು ಚೆಂಡು ಸಾಕು, ರಿಂಗು ಶಾಲೆಯಲ್ಲೇ ಸಿಗುತ್ತದೆ. ದಿನದ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ನಮಗೆ ಫಜ್ರ್ ನಮಾಝಿನ ಬಳಿಕ, ಬೆಳಕು ಹರಿದ ಮೇಲಿನ ಹೊತ್ತು ಹೊಂದಿತು; ನಿಮಗೆ ಅಸರ್ ಬಳಿಕದ ಹೊತ್ತು ಹೊಂದಬಹುದು. ನಾಲ್ಕು ಜನ ತಾಯಂದಿರು ಸೇರಿ ಹೋಗಿ. ಒಬ್ಬಳೇ ಹೋದರೆ ಅದು ಸುದ್ದಿಯಾಗುತ್ತದೆ, ನಾಲ್ವರು ಹೋದರೆ ಅದು ರೂಢಿಯಾಗುತ್ತದೆ. ನೆರೆಯ ಹಿಂದೂ ಸಹೋದರಿಯರನ್ನೂ ಕರೆಯಿರಿ, ಬಯಲು ಅವರದೂ ಹೌದು. ಆಡುವ ಹುಡುಗರೊಂದಿಗೆ ಜಗಳ ಬೇಡ, ವೇಳೆಯ ಹಂಚಿಕೆ ಮಾಡಿಕೊಳ್ಳಿ. ಆಟ ಮುಗಿದ ಮೇಲೆ ಕಸ ಹೆಕ್ಕಿ, ಬಂದಾಗ ಇದ್ದುದಕ್ಕಿಂತ ಸ್ವಚ್ಛವಾಗಿ ಬಿಟ್ಟು ಬನ್ನಿ. ಗ್ರಾಮ ಸಭೆ ನಡೆದಾಗ ಹೋಗಿ, ಬಯಲಿನ ಅಂಚಿಗೆ ನಾಲ್ಕು ಬೇವು, ಹೊಂಗೆಯ ಸಸಿ ನೆಡಿಸಿಕೊಡಿ ಎಂದು ಕೇಳಿ. ಗ್ರಾಮ ಸಭೆಯಲ್ಲಿ ಮಾತನಾಡುವ ಹಕ್ಕು ನಿಮಗೂ ಇದೆ.

ಅಕ್ಕನ ಮಗಳು ಜನವರಿಯಲ್ಲಿ ಮರಳಿ ಹೋದಳು. ಮೂರು ತಟ್ಟೆಗಳಲ್ಲಿ ಒಂದನ್ನು ಇಲ್ಲಿಯೇ ಬಿಟ್ಟಳು. ಸುಗ್ಗಿ ಬಂದಾಗ ಬುಟ್ಟಿಗಳು ಹೊಲಕ್ಕೆ ಹೋದವು, ಕಣದಲ್ಲಿ ಒಕ್ಕಣೆ ನಡೆಯಿತು, ನಾವು ಜಾಗ ಬಿಟ್ಟುಕೊಟ್ಟೆವು. ಪಾಲು ಎಂದರೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಬಿಟ್ಟುಕೊಡುವುದೂ ಹೌದು. ಸುಗ್ಗಿ ಮುಗಿದ ಬಳಿಕ ಒಂದು ಭಾನುವಾರ ಮುಂಜಾನೆ ಕ್ರಿಕೆಟ್ ಹುಡುಗನೊಬ್ಬ ಮನೆಯ ಬಾಗಿಲಿಗೆ ಬಂದು ಕೇಳಿದ: ‘ಅಕ್ಕೋರ, ಇವತ್ತ ನೀವು ಎಂಟರತನಕ ಬರ್ತೀರೇನ್ರೀ? ಇಲ್ಲಂದ್ರ ನಾವು ಲಗೂನ ಚಾಲೂ ಮಾಡ್ತೀವಿ.’

ಬರುತ್ತೀರೋ ಇಲ್ಲವೋ ಎಂದು ಕೇಳಿಕೊಂಡು ಬಂದಿದ್ದಾನೆ ಎಂದರೆ, ಎಂಟರವರೆಗಿನ ಬಯಲು ನಮ್ಮದೆಂದು ಅವನು ಒಪ್ಪಿದ್ದಾನೆ ಎಂದೇ ಅರ್ಥ. ನಿಮ್ಮೂರಿನಲ್ಲಿಯೂ ಯಾರಾದರೂ ನಿಮ್ಮನ್ನು ಹಾಗೆ ಕೇಳುವ ದಿನ ಬರಲಿ, ಇನ್‌ಶಾ ಅಲ್ಲಾಹ್. ಅದಕ್ಕೆ ಮೊದಲು ನೀವು ಒಮ್ಮೆ ಅಲ್ಲಿಗೆ ಹೋಗಬೇಕು.